ಬಾಣಬಿರುಸು ಮತ್ತು ಮಂಚದ ಕೆಳಗಿನ ಜೀವಗಳು

ವಿಜಯನಗರದ ಆನೆಗಳ ಬಗ್ಗೆ ಇಟಲಿಯ ಪ್ರವಾಸಿ ಲುಡೊವಿಕೊ ದಿ ವರ್ತೆಮಾ ಬರೆದ ಒಂದು ಮಾತು ಬಹಳ ವರ್ಷಗಳಿಂದ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಹದಿನಾರನೆಯ ಶತಮಾನದ ಮೊದಲ ದಶಕದಲ್ಲಿ ನಮ್ಮ ಕಡೆಗೆ ಬಂದಿದ್ದ ಈತನ ಪ್ರವಾಸದ ಪುಸ್ತಕ ಅಚ್ಚಾದದ್ದು 1510ರಲ್ಲಿ. ಆನೆಯ ಬಲ, ಬುದ್ಧಿ ಎರಡನ್ನೂ ಬಾಯ್ತುಂಬ ಹೊಗಳುತ್ತಾನೆ. ಯುದ್ಧಕ್ಕೆ ಹೊರಟಾಗ ಅದರ ಸೊಂಡಿಲಿಗೆ ಕತ್ತಿ ಕಟ್ಟುವುದನ್ನೂ ವರ್ಣಿಸುತ್ತಾನೆ. ಇಷ್ಟೆಲ್ಲ ಹೇಳಿ ಕೊನೆಗೆ ಇನ್ನೊಂದು ಸಂಗತಿ ಸೇರಿಸುತ್ತಾನೆ: ಇಂಥ ಆನೆ ಒಮ್ಮೆ ಓಡಲು ಶುರುಮಾಡಿತೆಂದರೆ ಹಿಡಿದು ನಿಲ್ಲಿಸುವವರಿಲ್ಲ. ಈ ದೇಶದ ಜನ ಬಾಣಬಿರುಸು ಮಾಡುವುದರಲ್ಲಿ ನಿಸ್ಸೀಮರು, ಆನೆಗೋ ಬೆಂಕಿಯೆಂದರೆ ಪ್ರಾಣಭಯ, ಹಾಗಾಗಿ ಅವು ಕೆಲವೊಮ್ಮೆ ದಿಕ್ಕೆಟ್ಟು ಓಡುತ್ತವೆ.

ನೋಡಿ, ಐನೂರು ವರ್ಷಗಳ ಹಿಂದೆ ದಾರಿಹೋಕನೊಬ್ಬನ ಕಣ್ಣಿಗೂ ಬಿದ್ದಿದ್ದ ವಿಷಯ ಇದು. ನಾವು ಮಾತ್ರ ಪ್ರತಿ ದೀಪಾವಳಿಯಲ್ಲೂ ಹೊಸದಾಗಿ ಕಂಡವರಂತೆ, "ಯಾಕೋ ನಮ್ಮ ನಾಯಿ ಊಟಾನೇ ಮಾಡ್ತಿಲ್ಲ" ಅನ್ನುತ್ತೇವೆ.

ವರ್ತೆಮಾನ ಮಾತಿಗೆ ದಾರಿ ತೋರಿಸಿದ್ದು ಪಿ. ಕೆ. ಗೋಡೆಯವರ ಒಂದು ಕಿರುಪುಸ್ತಕ. ಪುಣೆಯ ಭಂಡಾರ್ಕರ್ ಸಂಸ್ಥೆಯ ಈ ವಿದ್ವಾಂಸರು 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ಬರೆದರು. ಅದನ್ನು 1953ರಲ್ಲಿ ಪ್ರಕಟಿಸಿದ್ದು ನಮ್ಮ ಬಸವನಗುಡಿಯ ಸಂಸ್ಕೃತಿ ಸಂಸ್ಥೆ. ದೀಪಾವಳಿಯ ಪಟಾಕಿ ಪುರಾಣಕಾಲದಿಂದ ಬಂದದ್ದೆಂದು ನಂಬಿದ್ದವರಿಗೆ ಈ ಪುಸ್ತಕ ಕೊಂಚ ಇರಿಸುಮುರುಸು ತರುತ್ತದೆ. ದೀಪ ಹಳೆಯದು, ಎಣ್ಣೆನೀರು ಹಳೆಯದು, ಬಲೀಂದ್ರನೂ ಹಳಬನೇ. ಸದ್ದು ಮಾತ್ರ ಮದ್ದಿನ ಪುಡಿ ಬಂದ ಮೇಲಿನದು. ಆ ಪುಡಿ ಹುಟ್ಟಿದ್ದು ಚೀನಾದಲ್ಲಿ, ಸುಮಾರು ಒಂಬತ್ತನೆಯ ಶತಮಾನದಲ್ಲಿ. ಸಾವಿಲ್ಲದ ಔಷಧಿ ಹುಡುಕಹೊರಟ ರಸವಾದಿಗಳ ಕೈಗೆ ಸಿಕ್ಕಿದ್ದಂತೆ ಅದು. ಚೀನೀಯರು ಅದನ್ನು 'ಬೆಂಕಿಯ ಮದ್ದು' ಎಂದೇ ಕರೆದರು. ನಮ್ಮ ಕನ್ನಡದಲ್ಲೂ ಮದ್ದು ಎಂದರೆ ಕಷಾಯವೂ ಹೌದು, ಸಿಡಿಯುವ ಪುಡಿಯೂ ಹೌದು. ಮಾತಿನ ಈ ಚಮತ್ಕಾರ ಯಾರು ಯಾರಿಂದ ಕಲಿತದ್ದೋ!

1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಾಗ ಮಹಾನವಮಿಯ ಸಂಭ್ರಮದಲ್ಲಿ ಬಾಣಬಿರುಸನ್ನು ಕಂಡ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನೂ ಕಂಡ. ಹಾರುವ ಬಾಣಗಳು, ಉರಿಯುತ್ತ ಸಿಡಿಮದ್ದು ಎರಚುವ ಕೃತಕ ಕೋಟೆಗಳು. ಅದೇ ಉತ್ಸವದಲ್ಲಿ ಸಿಂಗರಿಸಿದ ಪಟ್ಟದ ಕುದುರೆಗಳು, ಸಾಲು ಸಾಲು ಆನೆಗಳು. ಪ್ರವಾಸಿಗಳೆಲ್ಲ ಆ ಕುದುರೆಗಳ ಮೈಮೇಲಿನ ಪಟ್ಟೆ, ರತ್ನಗಳನ್ನು ಎಣಿಸಿದರೇ ಹೊರತು ಅವುಗಳ ಕಿವಿ ಹೇಗೆ ಹಿಂದಕ್ಕೆ ಮಡಚಿಕೊಂಡಿತ್ತೆಂದು ಬರೆಯಲಿಲ್ಲ. ಲಾಯದಲ್ಲಿ ರಾತ್ರಿಯಿಡೀ ಅವುಗಳ ಕುತ್ತಿಗೆ ಸವರುತ್ತ ಕೂತ ಆಳು ಯಾರೆಂದು ಚರಿತ್ರೆಗೆ ಗೊತ್ತಿಲ್ಲ.

ಪ್ರಾಣಿಗಳ ಈ ಭಯ ಸೇನಾಪತಿಗಳಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಬಾಣಗಳಿಗೆ ಕಬ್ಬಿಣದ ಕೊಳವೆ ಇತ್ತು, ಬಿದಿರಿನ ಬಾಲ ಇತ್ತು. ಅವು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕಂಗೆಡಿಸುತ್ತಿದ್ದವು. ಕಿಡಿ ಕಾರುತ್ತ, ಸಿಳ್ಳೆ ಹಾಕುತ್ತ ನುಗ್ಗಿ ಬರುವ ಬಾಣದ ಮುಂದೆ ಶತ್ರುಪಾಳೆಯದ ಕುದುರೆ ಸವಾರನ ಮಾತು ಕೇಳುವುದುಂಟೆ? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ ಇಂಥ ಸಾವಿರ ಬಾಣಗಳು ಒಟ್ಟಿಗೆ ಸಿಕ್ಕವಲ್ಲ, ನೆನಪಿದೆಯೇ? ನಾವು ಹಬ್ಬದ ದಿನ ಬಾಟಲಿಯಲ್ಲಿಟ್ಟು ಹಚ್ಚುವ ರಾಕೆಟ್ಟು ಅದರದೇ ಕಿರಿಯ ಸಂಬಂಧಿ. ನಾಯಿ ಅದನ್ನು ಆಟದ ಸಾಮಾನೆಂದು ತಿಳಿಯುವುದಿಲ್ಲ. ತಿಳಿಯದಿರುವುದೇ ಸರಿಯಾದ ಬುದ್ಧಿ ಎಂದು ನನಗೆ ಅನ್ನಿಸುತ್ತದೆ.

ನಾನು ಮದುವೆಯಾಗಿ ಮೈಸೂರಿಗೆ ಬಂದವಳು. ಅಗ್ರಹಾರದ ಮನೆಯಲ್ಲಿದ್ದಾಗ ವಿಜಯದಶಮಿಯ ದಿನ ಕುಶಾಲತೋಪು ಹಾರಿದರೆ ಅಡುಗೆಮನೆಯ ಸ್ಟೀಲಿನ ತಟ್ಟೆಗಳು ಝಣ್ ಅನ್ನುತ್ತಿದ್ದವು. ಇಪ್ಪತ್ತೊಂದು ಸುತ್ತು. ಅಂಬಾರಿಗೆ ಪುಷ್ಪಾರ್ಚನೆಯಾಗಿ ರಾಷ್ಟ್ರಗೀತೆ ನುಡಿಯುವ ಹೊತ್ತಿನಲ್ಲಿ ಅಷ್ಟೂ ಮುಗಿಯಬೇಕು. ಆಗ ಆನೆಯ ಬೆನ್ನ ಮೇಲಿರುವುದು ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ, ಸುತ್ತ ಲಕ್ಷಗಟ್ಟಲೆ ಜನ. ಆನೆ ಒಂದು ಹೆಜ್ಜೆ ತಪ್ಪಿದರೂ ಏನಾದೀತೆಂದು ಊಹಿಸಿಕೊಳ್ಳಿ. ಆದರೂ ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಇವರೆಲ್ಲ ಒಬ್ಬರಾದ ಮೇಲೊಬ್ಬರು ಆ ಸದ್ದನ್ನು ಕೇಳಿಸಿಕೊಂಡು ಕಲ್ಲಿನಂತೆ ನಿಂತರು.

ಅದು ಹುಟ್ಟುಗುಣವಲ್ಲ, ತಾಲೀಮಿನ ಫಲ. ಹಬ್ಬಕ್ಕೆ ವಾರಗಟ್ಟಲೆ ಮುಂಚೆಯೇ ಕಾಡಿನ ಶಿಬಿರಗಳಿಂದ ಆನೆಗಳು ಅರಮನೆಗೆ ಬರುತ್ತವೆ. ಮೊದಲು ಊರಿನ ಬೀದಿಯ ಪರಿಚಯ, ಬನ್ನಿಮಂಟಪದವರೆಗೆ ದಿನವೂ ನಡಿಗೆ. ಆಮೇಲೆ ಮರಳಿನ ಮೂಟೆಯ ಭಾರ, ಮರದ ಅಂಬಾರಿ. ಕಡೆಗೆ ಸಿಡಿಮದ್ದಿನ ತಾಲೀಮು. ಪೊಲೀಸರು ಫಿರಂಗಿ ಹಾರಿಸುತ್ತಾರೆ. ಆನೆ, ಕುದುರೆಗಳನ್ನು ದೂರದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಅನುಭವಸ್ಥ ಆನೆಗಳ ಜೊತೆಯಲ್ಲೇ ಹೊಸ ಆನೆ ನಿಂತಿರುತ್ತದೆ. ಕಾಲಿಗೆ ಸರಪಳಿ, ಪಕ್ಕದಲ್ಲೇ ಮಾವುತ, ಕಾವಾಡಿ. ಮೊದಲ ದಿನ ಅದು ಬೆಚ್ಚುತ್ತದೆ, ಘೀಳಿಡುತ್ತದೆ, ತಿರುಗಿ ನಿಲ್ಲುತ್ತದೆ. ಮಾವುತ ಬೈಯುವುದಿಲ್ಲ, ಮೈ ತಟ್ಟಿ ಮಾತಾಡಿಸುತ್ತಾನೆ. ಇನ್ನೊಂದು ದಿನ ಮತ್ತೊಮ್ಮೆ, ಮಗದೊಮ್ಮೆ. ಹಳೆಯ ಆನೆ ಸುಮ್ಮನೆ ಕಿವಿ ಬೀಸುತ್ತ ನಿಂತಿರುವುದನ್ನು ನೋಡಿ ನೋಡಿ ಹೊಸದಕ್ಕೂ ಒಂದಿಷ್ಟು ಧೈರ್ಯ ಬರುತ್ತದೆ. ಸರಪಳಿಯ ಭಾಗ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಆದರೆ ಇಪ್ಪತ್ತೊಂದು ಸದ್ದಿಗಾಗಿ ಸರ್ಕಾರವೇ ಇಷ್ಟು ಪಾಡು ಪಡುತ್ತದೆ. ಅದಾಗಿ ಸುಮಾರು ಇಪ್ಪತ್ತು ದಿನಕ್ಕೆ ದೀಪಾವಳಿ. ಅದೇ ಊರಿನ ಸಾವಿರಾರು ನಾಯಿ, ಬೆಕ್ಕು, ಹಸು, ಗಿಣಿಗಳಿಗೆ ಒಂದು ದಿನದ ತಾಲೀಮೂ ಇಲ್ಲದೆ ಮೂರು ದಿನದ ಸಿಡಿತ!

ನಮ್ಮಜ್ಜಿಯ ಮನೆ ಸಾಗರದ ಕಡೆ. ಅಲ್ಲಿ ದೀಪಾವಳಿಗೆ 'ದೊಡ್ಡಹಬ್ಬ' ಎಂದೇ ಹೆಸರು, ಅದು ದನಗಳ ಹಬ್ಬ. ಬಲಿಪಾಡ್ಯಮಿಯ ದಿನ ಬೆಳಕು ಹರಿಯುವ ಮುಂಚೆ ಕೊಟ್ಟಿಗೆಯ ದನಗಳಿಗೆಲ್ಲ ಸ್ನಾನ. ಮೈಮೇಲೆ ಕೆಮ್ಮಣ್ಣು, ಶೇಡಿಯ ವೃತ್ತಗಳು; ಅಳತೆಯ ಸಿದ್ದೆಯ ಬಾಯನ್ನು ಬಣ್ಣದಲ್ಲಿ ಅದ್ದಿ ಒತ್ತುವ ಕೆಲಸ ಮಕ್ಕಳದು. ಕೊರಳಿಗೆ ಅಡಿಕೆ, ಚೆಂಡುಹೂವು, ಪಚ್ಚೆತೆನೆ ಪೋಣಿಸಿದ ಸರ. ನಮ್ಮ ಚಿಕ್ಕಪ್ಪಂದಿರು ಪೇಟೆಯಿಂದ ಆನೆಪಟಾಕಿ ತಂದಿದ್ದರೂ ಕೊಟ್ಟಿಗೆಯ ಬಳಿ ಹಚ್ಚಲು ಅಜ್ಜಿಯ ಅಪ್ಪಣೆ ಇರಲಿಲ್ಲ. "ದನ ಬೆದರಿದ್ರೆ ಹಾಲು ಇಳಿಸೂದಿಲ್ಲ, ನಾಳೆ ಕಾಫಿಗೆ ಏನ್ ಹಾಕ್ತ್ರಾ?" ಎನ್ನುವಳು. ದಯೆ, ಅನುಕಂಪ ಎಂಬ ದೊಡ್ಡ ಮಾತುಗಳು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಕಾಫಿಯ ಲೆಕ್ಕವೇ ಸಾಕಾಗಿತ್ತು.

ಅಜ್ಜಿಯ ಲೆಕ್ಕ ಸರಿಯಿತ್ತು ಎಂದು ತಿಳಿದದ್ದು ಆಮೇಲೆ. 1941ರಲ್ಲಿ ಅಮೆರಿಕದ ಈಲಿ, ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಹಾಲು ಕರೆಯುವ ಹೊತ್ತಿನಲ್ಲಿ ಹಸುಗಳನ್ನು ಬೇಕೆಂದೇ ಬೆದರಿಸಿ ನೋಡಿದರು. ಕಾಗದದ ಚೀಲಗಳಿಗೆ ಗಾಳಿ ತುಂಬಿ ಢಬ್ ಎಂದು ಒಡೆದರಂತೆ. ಹಸುವಿನ ಬೆನ್ನ ಮೇಲೆ ಬೆಕ್ಕನ್ನೂ ಕೂರಿಸಿದರಂತೆ. (ಬೆಕ್ಕಿನ ಅಭಿಪ್ರಾಯ ಯಾರೂ ಕೇಳಿದಂತಿಲ್ಲ.) ಹೆದರಿದ ಹಸು ಹಾಲನ್ನು ಕೆಚ್ಚಲಲ್ಲೇ ಹಿಡಿದುಕೊಂಡಿತು. ಭಯವಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್, ಹಾಲು ಇಳಿಸುವ ಆಕ್ಸಿಟೋಸಿನ್ನಿನ ಕೆಲಸವನ್ನು ತಡೆಯುತ್ತದೆ. ಹೆತ್ತು ಹಾಲೂಡಿಸಿದ ನಮಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿಲ್ಲ.

ಪಟಾಕಿ ಈ ಪರಿ ಅಗ್ಗವಾಗಿ ಬೀದಿಗೆ ಬಂದದ್ದು ಶಿವಕಾಶಿಯಿಂದ. 1920ರ ದಶಕದ ಆರಂಭದಲ್ಲಿ ಅಲ್ಲಿನ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ತಯಾರಿಕೆ ಕಲಿತು ಬಂದರು. ಬೆಂಕಿಕಡ್ಡಿಯ ಹಿಂದೆಯೇ ಪಟಾಕಿಯೂ ಬೆಳೆಯಿತು. ಅರಮನೆಯ ವಿನೋದ ಹೀಗೆ ಮಧ್ಯಮ ವರ್ಗದ ಓಣಿಗೆ ಇಳಿಯಿತು. ಅರಮನೆಯ ಸುತ್ತ ಬಯಲಿತ್ತು. ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಸದ್ದು ಹೋಗಲು ಜಾಗವಿಲ್ಲ.

1996ರ ನರಕ ಚತುರ್ದಶಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗ, ಸೊಸೆ ಬೇರೆ ಊರು. ಜೊತೆಗಿದ್ದುದು ಕರಿಯ ಎಂಬ ನಾಟಿ ನಾಯಿ. ಅಜ್ಜಿ ಮಡಿಯವರು, ನಾಯಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ; ಅದು ಜಗಲಿಯಲ್ಲಿ ಮಲಗುತ್ತಿತ್ತು, ಅವರು ಒಳಗಿನಿಂದ ಕಿಟಕಿಯಲ್ಲಿ ಮಾತಾಡುತ್ತಿದ್ದರು. ಆ ಸಂಜೆ ಮಗ, ಸೊಸೆ, ಮೊಮ್ಮಕ್ಕಳು, ಬೀಗರು ಎಲ್ಲ ಬಂದಿದ್ದರು. ಬರುವವರು ಹೋಗುವವರ ನಡುವೆ ಗೇಟು ತೆರೆದೇ ಇತ್ತು. ಬೀದಿಯಲ್ಲಿ ಯಾರೋ ಹತ್ತು ಸಾವಿರದ ಸರ ಹಚ್ಚಿದರು. ಕರಿಯ ಓಡಿದ್ದನ್ನು ಕಂಡವರು ಒಬ್ಬ ಹುಡುಗ ಮಾತ್ರ. ಬಾಲ ಹೊಟ್ಟೆಗೆ ಅಂಟಿಸಿಕೊಂಡು ರೈಲ್ವೆ ನಿಲ್ದಾಣದ ದಿಕ್ಕಿಗೆ ಹೋಯಿತಂತೆ. ನಮ್ಮವರು ಸೈಕಲ್ ತೆಗೆದುಕೊಂಡು ಎರಡು ದಿನ ಸುತ್ತಿದರು. ಸಿಗಲಿಲ್ಲ. ನೆಂಟರೆಲ್ಲ ಹೊರಟುಹೋದ ಮೇಲೆ ಅಜ್ಜಿ ಪ್ರತಿ ರಾತ್ರಿ ಜಗಲಿಯ ಮೇಲೆ ಮೊಸರನ್ನದ ತಟ್ಟೆ ಇಡುತ್ತಿದ್ದರು. "ಬರ್ತಾನೆ ಕಣೇ, ಅವನಿಗೆ ಮನೆ ಗೊತ್ತು" ಎನ್ನುವರು. ಬೆಳಿಗ್ಗೆ ಅದನ್ನು ಕಾಗೆ ತಿಂದಿರುತ್ತಿದ್ದವು. ಕಾರ್ತಿಕ ಮಾಸವಿಡೀ ಇಟ್ಟರು.

ಅವರ ನಾಯಿಗೆ ಇಷ್ಟು ದುಃಖವೇ ಎಂದು ಬೀದಿಯ ಕೆಲವರು ನಕ್ಕರು. ಅವರಿಗೆ ಆತಕೂರಿನ ಕಲ್ಲನ್ನು ತೋರಿಸಬೇಕಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆ ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಜೊತೆಯಲ್ಲೇ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅದಕ್ಕೆ ಪೂಜೆ ಸಲ್ಲಿಸದೆ ಊಟ ಮಾಡುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇಂದಿಗೂ ಹೋರಾಡುತ್ತಿವೆ. ಒಂದು ಸಾವಿರ ವರ್ಷದ ಹಿಂದಿನ ಕನ್ನಡ ನಾಡು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿತು. ಮೊಸರನ್ನದ ತಟ್ಟೆಗೆ ನಗುವುದೇಕೆ?

ಕಾನೂನಿನ ಮಾತು ಬಂದಾಗ ಒಬ್ಬ ಹೆಣ್ಣುಮಗಳನ್ನು ನೆನೆಯದಿರಲಾರೆ. ನಾಟ್ಯಕ್ಕಾಗಿ ಹೆಸರಾದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ ಪ್ರಾಣಿಹಿಂಸೆ ತಡೆಯುವ ಮಸೂದೆಯನ್ನು ತಾವೇ ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1960ರಲ್ಲಿ ಕಾನೂನು ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅದರ ಅಧ್ಯಕ್ಷತೆಯನ್ನೂ ಹೊತ್ತರು. ಬೀದಿನಾಯಿಯ ಬಾಲಕ್ಕೆ ಸರಪಟಾಕಿ ಕಟ್ಟುವ ಪುಂಡಾಟ ಬರೀ ತುಂಟತನವಲ್ಲ, ಅಪರಾಧ ಎಂದು ನಮ್ಮ ಮನೆಯ ಹುಡುಗರಿಗೆ ಹೇಳಲು ಆ ಕಾನೂನು ಸಾಕು. ಸದ್ದಿನ ವಿಷಯಕ್ಕೆ ಬಂದರೆ, ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂಬ ನಿಯಮ 1999ರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಪಟಾಕಿ ಬೇಡವೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. 2018ರಲ್ಲಿ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು ಮಾತ್ರ ಎಂದಿತು, ಸರಪಟಾಕಿಯನ್ನು ನಿಷೇಧಿಸಿತು. ಇವೆಲ್ಲ ಮನುಷ್ಯರ ನಿದ್ದೆ, ಮಕ್ಕಳ ಉಸಿರನ್ನು ಮುಂದಿಟ್ಟುಕೊಂಡು ಬಂದ ತೀರ್ಪುಗಳು. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗೆ. ನಾಯಿಗೆ ನಲವತ್ತು ಸಾವಿರದ ಆಚೆಗೂ, ಬೆಕ್ಕಿಗೆ ಅರವತ್ತು ಸಾವಿರದ ಆಚೆಗೂ ಕೇಳುತ್ತದೆ. ರಾಕೆಟ್ಟಿನ ಸಿಳ್ಳೆಯಲ್ಲಿ ನಮಗೆ ಕೇಳದ ಪಾಲನ್ನೂ ಅವು ಕೇಳಿಸಿಕೊಳ್ಳುತ್ತವೆ.

ಕರಿಯ ಹೋದ ಮೇಲೆ ನಮ್ಮ ಬೀದಿಯ ನಾಲ್ಕೈದು ಹೆಂಗಸರು ಒಂದು ಪದ್ಧತಿ ಮಾಡಿಕೊಂಡೆವು. ಕಲಿತದ್ದು ಮಾವುತರಿಂದಲೇ ಅನ್ನಿ. ದಸರೆ ಮುಗಿದ ಕೂಡಲೇ ತಾಲೀಮು ಶುರು. ಆಗ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಪಟಾಕಿಯ ಸದ್ದು, ಈಗ ಮೊಬೈಲಿನಲ್ಲಿ. ನಾಯಿ ಊಟ ಮಾಡುವಾಗ ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕುವುದು. ಅದು ತಟ್ಟೆಯಿಂದ ತಲೆ ಎತ್ತದಿದ್ದರೆ ಮೂರು ದಿನ ಬಿಟ್ಟು ಸ್ವಲ್ಪ ಜೋರು; ತಲೆ ಎತ್ತಿದರೆ ಮತ್ತೆ ಸಣ್ಣದು. ಅವಸರ ಮಾಡಿದರೆ ಇದ್ದ ಧೈರ್ಯವೂ ಹೋಗುತ್ತದೆ. ಹಬ್ಬದ ಹಿಂದಿನ ದಿನ ಹಿಡಿದುಕೊಂಡು ಕೂತರೆ ಪ್ರಯೋಜನವಿಲ್ಲ.

ಹಬ್ಬದ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ಸುತ್ತಾಡಿಸಿ ಊಟ ಹಾಕಿಬಿಡಬೇಕು. ಮನೆಯ ನಡುವಿನ ಕೋಣೆ, ಅದರಲ್ಲೂ ಬಟ್ಟೆಗಳ ಬೀರು ಇರುವ ಕೋಣೆ ಒಳ್ಳೆಯದು. ಬಟ್ಟೆ ಸದ್ದನ್ನು ಕುಡಿಯುತ್ತದೆ. ಮಂಚದ ಕೆಳಗೆ ಹಳೆಯ ಕಂಬಳಿ, ನಮ್ಮದೇ ಉಟ್ಟು ಬಿಟ್ಟ ಸೀರೆ, ಒಂದು ಬೋಗುಣಿ ನೀರು. ಕಿಟಕಿ ಮುಚ್ಚಿ, ಪರದೆ ಎಳೆದು, ರೇಡಿಯೋವನ್ನೋ ಟಿವಿಯನ್ನೋ ಹದವಾಗಿ ಹಚ್ಚಿಡುವುದು. ಅಡಗಿ ಕೂತ ಬೆಕ್ಕನ್ನು ಮುದ್ದು ಮಾಡಲೆಂದು ಹೊರಗೆ ಎಳೆಯಬಾರದು, ಅದಕ್ಕೆ ಅಡಗುವುದೇ ಔಷಧಿ. ನಾಯಿ ತಾನಾಗಿ ಬಂದು ಮಡಿಲಿಗೆ ತಲೆಯಿಟ್ಟರೆ ಮಾತ್ರ ಸವರಿ. ಸಮಾಧಾನ ಮಾಡಿದರೆ ಹೆದರಿಕೆ ಅಭ್ಯಾಸವಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು, ಪಶುವೈದ್ಯರು ಈಗ ಅದನ್ನು ಒಪ್ಪುವುದಿಲ್ಲ. ಗಿಣಿಯ ಪಂಜರವನ್ನು ಜಗಲಿಯಿಂದ ಒಳಗೆ ತಂದು ಅರ್ಧ ಬಟ್ಟೆ ಮುಚ್ಚಬೇಕು, ಗಾಳಿಯಾಡಲು ಜಾಗ ಬಿಟ್ಟು.

ಮಾತ್ರೆಯ ವಿಷಯದಲ್ಲಿ ಎಚ್ಚರ. ಬಹಳ ಕಾಲ ಕೊಡುತ್ತಿದ್ದ ಅಸಿಪ್ರೊಮಜಿನ್ ಮೈಯನ್ನು ಸಡಿಲಗೊಳಿಸುತ್ತದೆ, ಭಯವನ್ನಲ್ಲ; ಓಡಲೂ ಆಗದೆ ಒಳಗೊಳಗೇ ಹೆದರುತ್ತ ಬಿದ್ದಿರುವ ಪ್ರಾಣಿಯನ್ನು ನಾವು ನಿದ್ದೆ ಮಾಡುತ್ತಿದೆ ಎಂದುಕೊಳ್ಳುತ್ತೇವೆ. ಈಗ ಇದಕ್ಕಿಂತ ಒಳ್ಳೆಯ ಔಷಧಿಗಳಿವೆ, ಹಬ್ಬಕ್ಕೆ ಹದಿನೈದು ದಿನ ಮುಂಚೆ ಹೋಗಿ ಕೇಳಿ. ನಮ್ಮ ಡಬ್ಬಿಯ ಮಾತ್ರೆ ಮಾತ್ರ ಕೊಡಲೇಬೇಡಿ. ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಮಾತ್ರೆಯೇ ಪ್ರಾಣಕ್ಕೆ ಎರವಾದೀತು.

ನೆಂಟರು ಬರುವ ದಿನ ಪಟಾಕಿಗಿಂತ ಗೇಟಿನದೇ ಚಿಂತೆ. ನಮ್ಮಲ್ಲಿ ಆ ಸಂಜೆ ಒಬ್ಬರಿಗೆ ಗೇಟಿನ ಹೊಣೆ ಒಪ್ಪಿಸಿಬಿಡುತ್ತೇವೆ, ಸಾಮಾನ್ಯವಾಗಿ ಕೈಗೆ ಕೆಲಸವಿಲ್ಲದ ಭಾವನವರಿಗೋ ಮೈದುನನಿಗೋ. ನಾಯಿಯ ಕೊರಳಪಟ್ಟಿಯ ಬಿಲ್ಲೆಯ ಮೇಲೆ ಫೋನ್ ನಂಬರು ಬರೆಸಿರಬೇಕು. ಇನ್ನು "ಪಾಪ, ಅದಕ್ಕೂ ಹಬ್ಬ" ಎಂದು ಎಲೆಯಲ್ಲಿ ಉಳಿದದ್ದನ್ನೆಲ್ಲ ಹಾಕುವ ಅತ್ತಿಗೆ, ನಾದಿನಿಯರನ್ನು ಮೆಲ್ಲಗೆ ತಡೆಯಬೇಕು. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಚಾಕೊಲೇಟು, ಈರುಳ್ಳಿಯೂ ಅದಕ್ಕೆ ಆಗದು. ಹೋಳಿಗೆಯ ತುಪ್ಪ ಕುಡಿಸಿ ವಾಂತಿ ಮಾಡಿಸಿದ ಮನೆಗಳು ನಮ್ಮ ಬೀದಿಯಲ್ಲೇ ಮೂರಿವೆ.

ಈಗ ನಮ್ಮಲ್ಲಿರುವುದು ಒಂದು ಬೆಕ್ಕು ಮತ್ತು ಗೇಟಿನಾಚೆ ವಾಸವಾಗಿದ್ದು ಊಟಕ್ಕೆ ಮಾತ್ರ ನಮ್ಮದಾದ ಒಂದು ಬೀದಿನಾಯಿ. ಹಬ್ಬದ ಮೂರು ರಾತ್ರಿ ಅದು ಮಹಡಿ ಮೆಟ್ಟಿಲಿನ ಕೆಳಗೆ ಗೋಣಿಚೀಲದ ಮೇಲೆ ಮಲಗುತ್ತದೆ. ಕರೆಯಬೇಕಾಗಿಯೇ ಇಲ್ಲ, ಮೊದಲ ಸದ್ದಿಗೆ ತಾನೇ ಬರುತ್ತದೆ. ಪಾಡ್ಯದ ಮರುದಿನ ಬೆಳಿಗ್ಗೆ ಅದನ್ನು ಹೊರಗೆ ಬಿಡುವ ಮುಂಚೆ ನಾನು ಪೊರಕೆ ಹಿಡಿದು ಮನೆಯ ಮುಂದಿನ ಬೀದಿ ಗುಡಿಸುತ್ತೇನೆ. ಸಿಡಿಯದೆ ಉಳಿದ ಪಟಾಕಿ, ಸುರುಸುರುಬತ್ತಿಯ ತಂತಿ, ಮದ್ದು ಮೆತ್ತಿದ ಕಾಗದ. ಮದ್ದಿನಲ್ಲಿ ಬೇರಿಯಂನಂಥ ವಿಷದ ಲವಣಗಳಿರುತ್ತವೆ, ಮೂಸಿ ನೆಕ್ಕಿದರೂ ಕೆಡುಕೇ. ಒಂದು ಮೊರದಷ್ಟು ಕಸವಾಗುತ್ತದೆ. ಅದನ್ನು ನೀರಿನ ಬಕೆಟ್ಟಿಗೆ ಸುರಿದು, ನೆನೆದ ಮೇಲೆ ಕಸದ ಗಾಡಿಗೆ ಹಾಕಿ ಬರುವ ಹೊತ್ತಿಗೆ ನಾಯಿ ಮೆಟ್ಟಿಲಿನ ಕೆಳಗಿನಿಂದ ಮೂತಿ ಮಾತ್ರ ಹೊರಗೆ ಹಾಕಿ ಗಾಳಿಯ ವಾಸನೆ ನೋಡುತ್ತಿರುತ್ತದೆ.